ತಿನ್ನುವ ಚಟದಿಂದ ಹೊರಬರಲು ಗೋಣಿಕೊಪ್ಪದಲ್ಲಿ ಗುಂಪು ಕಟ್ಟಬೇಕು: ಡಯಟ್ ಚಾರ್ಟ್ ಇದೆ, ನಡೆಸುವ ಕ್ರಮ ಗೊತ್ತಿಲ್ಲ

ಕಾಫಿಕಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ಕಡೆಯ ಎಂಟು ಜನ ವಾರಕ್ಕೊಮ್ಮೆ ಸೇರಬೇಕೆಂದು ಮಾತಾಗಿದೆ. ಐವರು ಹೆಂಗಸರು, ಮೂವರು ಗಂಡಸರು, 30ರಿಂದ 60 ವಯಸ್ಸಿನವರು. ತೂಕ ಎಲ್ಲರಿಗೂ ಜಾಸ್ತಿಯೇ, ಆದರೆ ತೊಂದರೆ ಇರುವುದು ತೂಕದಲ್ಲಷ್ಟೇ ಅಲ್ಲ. ಬೇಕರಿ ತಿಂಡಿ, ಬಾಳೆಕಾಯಿ ಚಿಪ್ಸ್, ಸಿಹಿ, ಇವಕ್ಕೆ ಕೈ ಹಾಕಿದರೆ ಪೊಟ್ಟಣ ಮುಗಿಯುವ ತನಕ ನಿಲ್ಲುವುದಿಲ್ಲ. ಮನೆಯವರು ಮಲಗಿದ ಮೇಲೆ ತಿನ್ನುವುದು, ಖಾಲಿ ಕವರ್ ಬಚ್ಚಿಡುವುದು, ಮರುದಿನ ಹಟಕ್ಕೆ ಉಪವಾಸ, ಸಂಜೆ ಮತ್ತೆ ಅದೇ. ಡಯಟ್ ಚಾರ್ಟ್ ಪ್ರತಿಯೊಬ್ಬರ ಹತ್ತಿರವೂ ಒಂದೊಂದಿದೆ.

ಗೊತ್ತಾಗಬೇಕಾದದ್ದು ಇಷ್ಟು. ಸೇರಿದಾಗ ಆ ಒಂದು ಗಂಟೆ ಏನು ಮಾಡಬೇಕು? ತೂಕ ಎಲ್ಲರೆದುರು ನೋಡಬೇಕೇ? ಚಟ ಹತ್ತಿಸಿದ ತಿಂಡಿಯನ್ನು ಪೂರ್ತಿ ಬಿಡಬೇಕೋ, ಅಳತೆಯಲ್ಲಿ ತಿನ್ನಬಹುದೋ? ಕುಡಿತ ಬಿಟ್ಟವರು ಬಾರ್ ದಾರಿ ತಪ್ಪಿಸಿ ಹೋಗಬಹುದು, ಊಟದ ಎಲೆ ತಪ್ಪಿಸುವುದು ಹೇಗೆ? ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ (ಆಯುಧ ಹಬ್ಬ), ಆಮೇಲೆ ಪುತ್ತರಿ (ಸುಗ್ಗಿ ಹಬ್ಬ), ಅದರ ಹಿಂದೆಯೇ ಮದುವೆಗಳು. ಈಗಿನ ಮಳೆಗೆ ಶ್ರೀಮಂಗಲದ ಇಬ್ಬರು ಪ್ರತಿ ವಾರ ಬರುವುದೂ ಕಷ್ಟ. ಇನ್ನೊಂದು ವಿಷಯ: ಇಬ್ಬರು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಒಬ್ಬರು ಇನ್ಸುಲಿನ್ ಮೇಲಿದ್ದಾರೆ.

ಮೊದಲುಬಿಪಿ

ಕೊನೆಯ ಸಾಲಿನಿಂದಲೇ ಶುರು ಮಾಡೋಣ, ಯಾಕೆಂದರೆ ಅಲ್ಲಿ ಎಡವಿದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬಾರದು. ಔಷಧಿ ಹಳೆಯ ಊಟದ ಲೆಕ್ಕಕ್ಕೆ ಬರೆದದ್ದು. ತಟ್ಟೆ ಅರ್ಧವಾಗಿ ಡೋಸ್ ಹಾಗೆಯೇ ಉಳಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು: ಬೆವರು, ಕೈನಡುಕ, ತಲೆಸುತ್ತು, ಮಾತು ತೊದಲುವುದು. ಆಗ 3 ಟೀ ಚಮಚ ಸಕ್ಕರೆ (ಸುಮಾರು 15 ಗ್ರಾಂ) ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಮ ಗುಂಪಿನ ನಿಯಮದಲ್ಲಿ ಇದನ್ನು ಬರೆದೇ ಇಡಿ: ಸಕ್ಕರೆ ಇಳಿದಾಗ ತಿಂದ ಸಕ್ಕರೆ ಔಷಧಿ, ಅದು 'ತಪ್ಪಿದ ದಿನ' ಅಲ್ಲ. 'ಸಿಹಿ ಮುಟ್ಟುವುದಿಲ್ಲ' ಎಂದು ಎಲ್ಲರೆದುರು ಒಪ್ಪಿಕೊಂಡವರು ಆ ಮರ್ಯಾದೆಗೆ ಅಂಜಿ ನಡುಗುತ್ತಾ ಕೂತಿರುವ ಅಪಾಯ ನಿಜಕ್ಕೂ ಇದೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ಅನ್ನ, ರೊಟ್ಟಿ ಪೂರ್ತಿ ನಿಲ್ಲಿಸುವ ಡಯಟ್ ಮಾಡಲೇಬಾರದು. ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಬರಬಹುದು. ಬಿಪಿ ಮಾತ್ರೆಯವರಿಗೆ ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಾದರೆ ಡೋಸ್ ಬಗ್ಗೆ ಕೇಳಬೇಕು.

ಇನ್ನು ಎಂಟೂ ಜನರಿಗೆ. ಮೂರು ತಿಂಗಳಿನಿಂದ ವಾರಕ್ಕೆ ಒಮ್ಮೆಯಾದರೂ ಕೈಮೀರಿ ತಿನ್ನುವುದು, ಜೊತೆಗೆ ಗಬಗಬ ತಿನ್ನುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ತಿಂದ ಮೇಲೆ ತನ್ನ ಮೇಲೇ ಅಸಹ್ಯ, ಈ ಐದರಲ್ಲಿ ಮೂರು ಇದ್ದರೆ ಅದನ್ನು ಬಿಂಜ್ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಮನೋರೋಗಗಳನ್ನು ಪಟ್ಟಿ ಮಾಡುವ ಅಮೆರಿಕದ ಕೈಪಿಡಿಯ 2013ರ ಆವೃತ್ತಿಯಲ್ಲಿ (ಡಿಎಸ್‌ಎಂ-5) ಇದು ಸ್ವತಂತ್ರ ಕಾಯಿಲೆಯಾಗಿ ಸೇರಿತು, ಇದಕ್ಕೆ ಚಿಕಿತ್ಸೆ ಇದೆ. ಗುಂಪು ಅದರ ಜೊತೆಗೆ ಇರಲಿ, ಬದಲಿಗೆ ಅಲ್ಲ. ತಿಂದು ವಾಂತಿ ಮಾಡಿಕೊಳ್ಳುವವರು, ಭೇದಿ ಮಾತ್ರೆ ನುಂಗುವವರು ಇದ್ದರೆ ಅವರನ್ನು ತೂಕ ಇಳಿಸುವ ಗುಂಪಿಗೆ ಸೇರಿಸಬೇಡಿ. ಅವರಿಗೆ ಮೊದಲು ಬೇಕಾದದ್ದು ಮನೋವೈದ್ಯರು. ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆ ಇದೆ, ದೂರವಾದರೂ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿಯವರೆಗೆ ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ದಿನ ಥೈರಾಯ್ಡ್ (ಟಿಎಸ್‌ಎಚ್), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿಪಿ, ಸೊಂಟದ ಸುತ್ತಳತೆ ಬರೆದಿಡಿ. ನಮ್ಮ ಜನಕ್ಕೆ ಸುತ್ತಳತೆಯ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸ್ಟೀರಾಯ್ಡ್, ಒಲಾಂಜಪೈನ್, ಮಿರ್ಟಜಪೈನ್ ತರಹದ ಔಷಧಿಗಳೂ ಹಸಿವು ಹೆಚ್ಚಿಸುತ್ತವೆ. ಯಾರಾದರೂ ಅದರಲ್ಲಿದ್ದರೆ ಬರೆದ ಡಾಕ್ಟರಿಗೆ ಹೇಳಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಸುತ್ತುಕುರ್ಚಿ

ಸಭೆ ನಡೆಸುವುದರ ಬಗ್ಗೆ ಹೇಳುತ್ತೇನೆ.

ಇದಕ್ಕೆ ಹಳೆಯ ಮಾದರಿ ಒಂದಿದೆ: ಓವರ್‌ಈಟರ್ಸ್ ಅನಾನಿಮಸ್. 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದದ್ದು, ಕುಡಿತ ಬಿಡುವವರ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳನ್ನೇ ಊಟಕ್ಕೆ ಹೊಂದಿಸಿಕೊಂಡದ್ದು. ಶುಲ್ಕವಿಲ್ಲ, ಫೋನ್ ಮತ್ತು ಆನ್‌ಲೈನ್ ಸಭೆಗಳೂ ಇವೆ. ಇಂಥದ್ದೇ ತಿನ್ನಿ ಎಂದು ಅವರು ಯಾರಿಗೂ ಹೇಳುವುದಿಲ್ಲ, ಊಟದ ಯೋಜನೆ ಅವರವರದೇ. ದೇವರ ಮಾತು ಬರುತ್ತದೆ, ಅದು ಬೇಡದವರು ಕ್ರಮವನ್ನಷ್ಟೇ ತೆಗೆದುಕೊಳ್ಳಬಹುದು.

ಎಂಟು ಜನ ಸರಿಯಾದ ಸಂಖ್ಯೆ. ಹನ್ನೆರಡು ದಾಟಿದರೆ ಮಾತಾಡುವವರೇ ಮಾತಾಡುತ್ತಾರೆ, ಉಳಿದವರು ಕೇಳಿ ಎದ್ದು ಹೋಗುತ್ತಾರೆ. ಒಂದು ಗಂಟೆಯನ್ನು ಹೀಗೆ ಹಂಚಿ: ಮೊದಲ 5 ನಿಮಿಷ ನಿಯಮ ಓದುವುದು, ಪ್ರತಿ ವಾರವೂ, ಬೇಸರವಾದರೂ. ಆಮೇಲೆ ತಲಾ 4 ನಿಮಿಷದಂತೆ ಎಂಟು ಜನರ ಮಾತು, ಅಲ್ಲಿಗೆ 32. ಫೋನಿನಲ್ಲಿ ಟೈಮರ್ ಇಡಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, 'ಹಂಗಲ್ಲ, ನೀವು ಬೆಳಗ್ಗೆ ಜೀರಿಗೆ ನೀರು ಕುಡಿಯಿರಿ' ಎನ್ನುವಂತಿಲ್ಲ. ಈ ಒಂದು ನಿಯಮ ಬಿಗಿಯಾಗಿದ್ದರೆ ಗುಂಪು ಉಳಿಯುತ್ತದೆ. ಸಲಹೆ ಶುರುವಾದ ಕಡೆ ಜನ ನಿಜ ಹೇಳುವುದು ನಿಲ್ಲಿಸುತ್ತಾರೆ. ನಂತರ 15 ನಿಮಿಷ ಒಂದೇ ವಿಷಯ, ಉದಾಹರಣೆಗೆ ರಾತ್ರಿ ಊಟದ ನಂತರದ ಎರಡು ಗಂಟೆ. ಕೊನೆಯ 8 ನಿಮಿಷ ಜೋಡಿಯಾಗಿ ಕೂತು ಮುಂದಿನ ವಾರದ ಒಂದು ಕೆಲಸ ಬರೆಯುವುದು. ಒಂದೇ ಸಾಕು, ಅದೂ ಎಣಿಸಲು ಬರುವಂಥದ್ದು. 'ಬಾಯಿ ಕಟ್ಟುತ್ತೇನೆ' ಎಂದು ಬರೆದರೆ ಪ್ರಯೋಜನವಿಲ್ಲ. 'ವಾರದಲ್ಲಿ ಐದು ದಿನ 8.30ಕ್ಕೆ ಅಡುಗೆಮನೆ ದೀಪ ಆರಿಸುತ್ತೇನೆ' ಎಂದು ಬರೆದರೆ ಎಣಿಸಬಹುದು.

ಗುಂಪಿನ ನಿಜವಾದ ಕೆಲಸ ಸಭೆಯ ಹೊರಗೆ ನಡೆಯುತ್ತದೆ. ಜೋಡಿಯವರು ದಿನಾ ಬೆಳಗ್ಗೆ ಗೊತ್ತಾದ ಹೊತ್ತಿಗೆ ಮೂರು ನಿಮಿಷದ ಕರೆ ಮಾಡಬೇಕು: ಇವತ್ತು ಮೂರು ಹೊತ್ತು ಏನು, ಎಲ್ಲಿ, ಯಾವ ಹೊತ್ತು ಕಷ್ಟ. ರಾತ್ರಿ ಒಂದೇ ಪದದ ಮೆಸೇಜ್: 'ಆಯಿತು' ಅಥವಾ 'ತಪ್ಪಿತು'. ಗಂಡ ಹೆಂಡತಿಯನ್ನು ಜೋಡಿ ಮಾಡಬೇಡಿ, ಒಂದೇ ಒಕ್ಕದವರನ್ನೂ (ಕುಲದವರನ್ನೂ) ಬೇಡ. ಮಾತು ಐನ್‌ಮನೆ (ಒಕ್ಕದ ಮೂಲಮನೆ) ಮುಟ್ಟುತ್ತದೆ ಎನ್ನುವ ಅಳುಕು ಇದ್ದರೆ ರಾತ್ರಿ 'ಆಯಿತು' ಎಂಬ ಸುಳ್ಳೇ ಬರುತ್ತದೆ. ಎಂಟು ವಾರಕ್ಕೊಮ್ಮೆ ಜೋಡಿ ಬದಲಿಸಿ.

ಜಾಗ: ಯಾರ ಮನೆಯಲ್ಲೂ ಬೇಡ. ಕೊಡಗಿನಲ್ಲಿ ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸುವ ಪದ್ಧತಿ ಇಲ್ಲ. ಮೊದಲ ವಾರ ಕಾಫಿ, ಎರಡನೇ ವಾರ ಕಾಫಿಗೆ ಬಿಸ್ಕತ್ತು, ಮೂರನೇ ವಾರ ಬಿಸಿ ಬಿಸಿ ವಡೆ. ಶಾಲೆಯ ಕೋಣೆ, ಸಂಘದ ಕಟ್ಟಡ, ಗ್ರಂಥಾಲಯ ಯಾವುದಾದರೂ ಆಗುತ್ತದೆ. ಭಾನುವಾರ ಗೋಣಿಕೊಪ್ಪ ಸಂತೆಗೆ ಹೇಗೂ ಬರುತ್ತೀರಿ, ಹತ್ತಕ್ಕೆ ಸಭೆ ಮುಗಿಸಿ ಚೀಟಿ ಹಿಡಿದು ಸಂತೆಗೆ ಹೋಗಬಹುದು. ಬೆಳಗಿನ ತಿಂಡಿ ತಿಂದೇ ಬರಬೇಕು. ಖಾಲಿ ಹೊಟ್ಟೆಯಲ್ಲಿ ಬೋಂಡದ ಬಾಣಲೆ ದಾಟುವುದು ಯಾರಿಗೂ ಸುಲಭವಲ್ಲ.

ತೂಕ: ಎಲ್ಲರೆದುರು ಖಂಡಿತ ಬೇಡ. ಉಪ್ಪು, ನೀರು, ಮಲಬದ್ಧತೆ, ಮುಟ್ಟಿನ ಮೊದಲಿನ ದಿನಗಳು, ಇಷ್ಟಕ್ಕೇ ಒಂದೆರಡು ಕಿಲೋ ಅತ್ತಿತ್ತ ಆಗುತ್ತದೆ. ವಾರವೆಲ್ಲ ಸರಿಯಾಗಿ ನಡೆದುಕೊಂಡವರಿಗೆ ಮುಳ್ಳು 600 ಗ್ರಾಂ ಮೇಲೆ ತೋರಿಸಿದರೆ ಅವರು ಮನೆಗೆ ಹೋಗುವ ದಾರಿ ಬೇಕರಿಯ ಮೇಲೇ ಹಾದುಹೋಗುತ್ತದೆ. ಮನೆಯಲ್ಲಿ, ಒಂದೇ ತೂಕದ ಮಿಷನ್ನಿನಲ್ಲಿ, ವಾರದ ಒಂದೇ ದಿನ, ಬೆಳಗ್ಗೆ ಶೌಚ ಮುಗಿಸಿ ತಿನ್ನುವ ಮೊದಲು ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕು ವಾರದ ಸರಾಸರಿಯನ್ನು ಜೋಡಿಗೆ ಮಾತ್ರ ತೋರಿಸಿ. ಗುಂಪಿನಲ್ಲಿ ಹೇಳಬೇಕಾದ ಅಂಕಿ ಬೇರೆ: ಈ ವಾರ ಎಷ್ಟು ದಿನ ಕೈಮೀರಿತು.

ವಾಟ್ಸಾಪ್ ಗುಂಪಿಗೆ ಮೂರು ನಿಷೇಧ: ಊಟದ ಫೋಟೊ, 'ಮೊದಲು-ಈಗ' ಫೋಟೊ, ಮಾರಾಟ. ಮೂರನೆಯದು ಮುಖ್ಯ. ತೂಕದ ಗುಂಪು ಎಂದು ಗೊತ್ತಾದ ಕೂಡಲೇ ಶೇಕ್ ಪುಡಿ ಮಾರುವವರು ಒಬ್ಬರು 'ನಾನೂ ಸೇರುತ್ತೇನೆ' ಎಂದು ಬರುತ್ತಾರೆ.

ತಕ್ಕಡಿಮಾತು

ಅಡುಗೆಯ ಲೆಕ್ಕ ನನ್ನ ಪಾಲಿಗಿರಲಿ.

ಅಮೆರಿಕದ ಕೆಲವು ಗುಂಪುಗಳಲ್ಲಿ ಹಿಟ್ಟು ಬೇಡ, ಸಕ್ಕರೆ ಬೇಡ, ತೂಗಿದ ಮೂರೇ ಊಟ ಎಂಬ ನಿಯಮವಿದೆ. ಅದನ್ನು ಇಲ್ಲಿಗೆ ಹಾಗೆಯೇ ತಂದರೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಎರಡೂ ಹೊರಗೆ, ಬೆಳಗಿನ ತಿಂಡಿಯೇ ಇಲ್ಲ. ಅವರ ಹಿಟ್ಟು ಎಂದರೆ ಬ್ರೆಡ್ಡು, ಕುಕ್ಕಿ, ಪಿಜ್ಜಾ. ಬೆಂದ ಕಡಂಬುಟ್ಟನ್ನು (ಅಕ್ಕಿ ತರಿಯ ಉಂಡೆ) ಬಾಗಿಲು ಹಾಕಿಕೊಂಡು ಇಪ್ಪತ್ತು ತಿನ್ನುವವರು ಅಪರೂಪ. ಕೈ ತಡೆಯದಂತೆ ಮಾಡುವುದು ಹೆಚ್ಚಾಗಿ ಎಣ್ಣೆ-ಉಪ್ಪು ಅಥವಾ ಬೆಣ್ಣೆ-ಸಕ್ಕರೆ ಒಟ್ಟಿಗಿರುವ, ಅಗಿಯಲು ಹೊತ್ತು ಬೇಡದ ತಿಂಡಿ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರನ್ನು ಒಳಗೇ ಇರಿಸಿಕೊಂಡು ಎರಡು ವಾರ ಫ್ಯಾಕ್ಟರಿ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದರು, ಎಷ್ಟು ಬೇಕಾದರೂ ತಿನ್ನಬಹುದು ಎಂದು ಬಿಟ್ಟು. ಫ್ಯಾಕ್ಟರಿ ತಿನಿಸಿನ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಒಳಗೆ ಹೋಯಿತು, ತೂಕ ಸುಮಾರು 0.9 ಕಿಲೋ ಏರಿತು. ಬಡಿಸಿದ ಎರಡೂ ಬಗೆಯ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಸರಿಸುಮಾರು ಒಂದೇ ಇತ್ತು.

ಹಾಗಾಗಿ ಪ್ರತಿಯೊಬ್ಬರೂ ಮೂರು ಪಟ್ಟಿ ಬರೆಯಲಿ. ಕೆಂಪು: ಶುರು ಮಾಡಿದರೆ ನಿಲ್ಲದವು. ಹಳದಿ: ಜನರ ಮಧ್ಯೆ ಸರಿ, ಒಬ್ಬರೇ ಇದ್ದಾಗ ಅಪಾಯ. ಹಸಿರು: ತಿಂದು ಎದ್ದು ಬರಬಹುದಾದವು. ಕೆಂಪಿನಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ, ಹೆಸರು ಹಿಡಿದು ಬರೆಯಿರಿ. 'ಜಂಕ್' ಎಂದರೆ ಏನೂ ಅಲ್ಲ. 'ಬಾಳೆಕಾಯಿ ಚಿಪ್ಸ್, ಹಲ್ವ, ಕೆನೆ ಬಿಸ್ಕತ್ತು' ಎಂದರೆ ಅಂಗಡಿಯಲ್ಲಿ ಗುರುತು ಸಿಗುತ್ತದೆ. ತಿಂಡಿಯ ಜೊತೆ ಅಭ್ಯಾಸವನ್ನೂ ಬರೆಯಿರಿ: ಫ್ರಿಜ್ ಮುಂದೆ ನಿಂತು, ಜೀಪಿನಲ್ಲಿ ಕೂತು, ಟಿವಿ ಮುಂದೆ ಪೊಟ್ಟಣದಿಂದಲೇ. ಒಬ್ಬರ ಕೆಂಪು ಇನ್ನೊಬ್ಬರ ಹಸಿರು ಆಗಿರುತ್ತದೆ, ಅದಕ್ಕೇ ಗುಂಪಿಗೆಲ್ಲ ಒಂದೇ ಪಟ್ಟಿ ಬೇಡ.

ಅಳತೆಗೆ 500ರಿಂದ 1000 ರೂಪಾಯಿ ಒಳಗೆ ಸಿಗುವ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಕಡಂಬುಟ್ಟಿನ ಲೆಕ್ಕ ಹೀಗೆ: ನೆನೆ ಹಾಕುವ ಮೊದಲು ಅಕ್ಕಿ ತರಿ ತೂಗಿ, ಬೆಂದ ಮೇಲೆ ಉಂಡೆ ಎಣಿಸಿ. ಹಸಿ ಅಕ್ಕಿ 100 ಗ್ರಾಂಗೆ 350 ಕ್ಯಾಲೊರಿ. ಅರ್ಧ ಕಿಲೋ ತರಿಗೆ 25 ಉಂಡೆ ಬಂದರೆ ಒಂದಕ್ಕೆ 70. ನಿಮ್ಮ ಮನೆಯ ಉಂಡೆ ದೊಡ್ಡದಿರಬಹುದು, ಒಮ್ಮೆ ಎಣಿಸಿದರೆ ವರ್ಷಕ್ಕೆ ಸಾಕು.

ಪಂದಿಕರಿಯನ್ನು (ಹಂದಿ ಸಾರು) ಕೆಂಪು ಪಟ್ಟಿಗೆ ಹಾಕುವವರು ಹೆಚ್ಚು, ನನ್ನ ಪ್ರಕಾರ ಅಗತ್ಯವಿಲ್ಲ. ಹಿಂದಿನ ದಿನವೇ ಮಾಡಿ, ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿ ಇಳಿಸಿ, ಆರಿದ ಮೇಲೆ ಪಾತ್ರೆ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಮೇಲೆ ಬಿಳಿ ಪದರವಾಗಿ ಕಟ್ಟಿದ ಕೊಬ್ಬನ್ನು ಚಮಚದಲ್ಲಿ ಎಬ್ಬಿಸಿ ತೆಗೆಯಬಹುದು. ತೆಗೆದ ಒಂದೊಂದು 15 ಗ್ರಾಂ ಚಮಚಕ್ಕೂ ಸುಮಾರು 135 ಕ್ಯಾಲೊರಿ ಕಮ್ಮಿ. ಹುಳಿ, ಕರಿಮೆಣಸು, ಮಸಾಲೆ ಗ್ರೇವಿಯಲ್ಲೇ ಉಳಿಯುತ್ತದೆ, ರುಚಿ ಕೆಡುವುದಿಲ್ಲ. ಹಂದಿ ತಿನ್ನದವರು ಕೋಳಿ ಸಾರಿಗೂ ಇದನ್ನೇ ಮಾಡಬಹುದು.

ಕಣ್ಣಿಗೆ ಬೀಳದೆ ಒಳಗೆ ಹೋಗುವುದು ಬೆಲ್ಲದ ಕಾಫಿ. ಲೋಟಕ್ಕೆ 10 ಗ್ರಾಂ ಬೆಲ್ಲದಂತೆ ಐದು ಲೋಟವಾದರೆ ಸುಮಾರು 190 ಕ್ಯಾಲೊರಿ. ಬೆಲ್ಲ ಸಕ್ಕರೆಗಿಂತ ಹಗುರ ಎನ್ನುವುದು ನಂಬಿಕೆ ಮಾತ್ರ. ವಾರಕ್ಕೆ ಲೋಟಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಹೋದರೆ ನಾಲಿಗೆ ಒಗ್ಗುತ್ತದೆ. ವಿಸ್ಕಿ 60 ಎಂಎಲ್‌ಗೆ 140 ಕ್ಯಾಲೊರಿ, ಆದರೆ ಅದರ ದೊಡ್ಡ ನಷ್ಟ ಅಂಕಿಯಲ್ಲಿಲ್ಲ. ಎರಡನೇ ಪೆಗ್ ಒಳಗೆ ಹೋದ ಮೇಲೆ ಬೆಳಗಿನ ಯೋಜನೆ ಯಾರಿಗೂ ನೆನಪಿರುವುದಿಲ್ಲ.

ಚಿಪ್ಸ್ 100 ಗ್ರಾಂಗೆ 500ರ ಮೇಲೆ. ಪೊಟ್ಟಣದ ಹಿಂದೆ 'ಒಂದು ಸರ್ವಿಂಗ್ 30 ಗ್ರಾಂ' ಎಂದು ಬರೆದು ಅದರ ಲೆಕ್ಕ ದೊಡ್ಡದಾಗಿ ಕೊಟ್ಟಿರುತ್ತಾರೆ. ನೋಡಬೇಕಾದದ್ದು 100 ಗ್ರಾಂನ ಕಾಲಂ, ಅದನ್ನು ಪೊಟ್ಟಣದ ನಿವ್ವಳ ತೂಕಕ್ಕೆ (ಗ್ರಾಂನಲ್ಲಿ) ಗುಣಿಸಿ 100ರಿಂದ ಭಾಗಿಸಿ.

ತಟ್ಟೆಯಲ್ಲಿ ಹೆಚ್ಚಾಗಬೇಕಾದದ್ದು ಪ್ರೋಟೀನ್ ಮತ್ತು ಸೊಪ್ಪು-ತರಕಾರಿ. ಒಬ್ಬೊಬ್ಬರಿಗೆ ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಿ (ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ). ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೆಂದ ಕೋಳಿ 100 ಗ್ರಾಂನಲ್ಲಿ 25ರ ಮೇಲೆ, ಗಟ್ಟಿ ಬೇಳೆ ಒಂದು ಬಟ್ಟಲಿನಲ್ಲಿ 6-7. ಬೆಳಗ್ಗೆ ಅಕ್ಕಿ ಒಟ್ಟಿಗೆ ಬರೀ ಚಟ್ನಿ ಹಚ್ಚಿ ತಿಂದವರಿಗೆ ಹನ್ನೊಂದಕ್ಕೆ ಹಸಿವು. ಅದೇ ಒಟ್ಟಿಯ ಜೊತೆ ಎರಡು ಮೊಟ್ಟೆ ಅಥವಾ ಕಡಲೆ ಪಲ್ಯ ಇದ್ದರೆ ಮಧ್ಯಾಹ್ನದವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಬೈಂಬಳೆ (ಕಳಲೆ), ಅಣಬೆ, ತೆರ್ಮೆ ಸೊಪ್ಪು (ಜರಿಗಿಡದ ಚಿಗುರು) ಸಿಗುತ್ತವೆ, ಎಣ್ಣೆ ಕಡಿಮೆ ಹಾಕಿದರೆ ಹೊಟ್ಟೆ ತುಂಬಿಸುವ ಪದಾರ್ಥಗಳೇ. ಬೈಂಬಳೆಯನ್ನು ಎಂದಿನಂತೆ ನೀರು ಬದಲಿಸಿ ನೆನೆಸಿ ಚೆನ್ನಾಗಿ ಬೇಯಿಸಿಯೇ ಬಳಸಿ.

ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ಶುರುವಿನಲ್ಲಿ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯುತ್ತದೆ. ಮೊದಲ ವಾರದ ಎರಡು ಕಿಲೋ ಬಹುಪಾಲು ನೀರು, ಅದಕ್ಕೆ ಕುಣಿಯಬೇಡಿ. ಆರು ತಿಂಗಳಿಗೆ ಈಗಿನ ತೂಕದ ನೂರಕ್ಕೆ 5ರಿಂದ 7 ಇಳಿದರೆ ಒಳ್ಳೆಯ ಫಲಿತಾಂಶ. ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು.

ಅರ್ಧಒಟ್ಟಿ

ತಕ್ಕಡಿಮಾತು ಹೇಳಿದ ಕೆಂಪು ಪಟ್ಟಿಗೆ ನನ್ನದೊಂದು ತಕರಾರು. ಬಿಂಜ್‌ಗೆ ಹೆಚ್ಚು ಪುರಾವೆ ಇರುವ ಚಿಕಿತ್ಸೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಯೋಚನೆ ಮತ್ತು ಅಭ್ಯಾಸ ಬದಲಿಸುವ ಮಾತಿನ ಚಿಕಿತ್ಸೆ. ಅದು ನಿಷೇಧದ ಮೇಲೆ ನಿಂತದ್ದಲ್ಲ. ಅದರ ಮೊದಲ ಪಾಠ ಹೊತ್ತಿಗೆ ಸರಿಯಾಗಿ ತಿನ್ನುವುದು: ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಇರಬಾರದು, ತಿಂದ ಕೂಡಲೇ ಬರೆಯಬೇಕು. 'ಜನ್ಮದಲ್ಲಿ ಮುಟ್ಟುವುದಿಲ್ಲ' ಎಂದ ತಿಂಡಿಯ ಒಂದು ಚೂರು ಬಾಯಿಗೆ ಬಿದ್ದರೆ 'ಹೇಗೂ ಕೆಟ್ಟಿತು, ಪೂರ್ತಿ ತಿಂದುಬಿಡೋಣ' ಎನ್ನುವ ಯೋಚನೆ ಬರುತ್ತದಲ್ಲ, ಬಿಂಜ್ ಅಲ್ಲಿಂದ ಶುರು.

ಮೂಲ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ: 'ಮರುದಿನ ಉಪವಾಸ, ಸಂಜೆ ಮತ್ತೆ ಅದೇ'. ಆ ಉಪವಾಸವೇ ಸಂಜೆಯ ಬಿಂಜ್‌ಗೆ ಕಾರಣ. ಮೊದಲ ನಾಲ್ಕು ವಾರ ಪಟ್ಟಿ, ಕ್ಯಾಲೊರಿ ಎರಡೂ ಬದಿಗಿಟ್ಟು ಹೊತ್ತು ಮಾತ್ರ ಸರಿ ಮಾಡಿ ನೋಡಿ. ಎಂಟರಲ್ಲಿ ಕೆಲವರಿಗೆ ಕೈಮೀರುವ ದಿನಗಳು ತಾನಾಗಿ ಇಳಿಯುತ್ತವೆ.

ತಕ್ಕಡಿಮಾತು

ನಾಲ್ಕು ವಾರ ಹೊತ್ತು ಮೊದಲು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಆಮೇಲೂ ಒಂದೆರಡು ತಿಂಡಿ ಹಿಡಿತಕ್ಕೆ ಸಿಗದವರು ಇರುತ್ತಾರೆ, ಅವರಿಗೆ ದಿನಾ ಅಳತೆ ಮಾಡಿ ತಿನ್ನು ಎನ್ನುವುದು ದಿನಾ ಒಂದು ಯುದ್ಧ. ಐದನೇ ವಾರದಿಂದ ಕೆಂಪು ಪಟ್ಟಿಯ ಒಂದೇ ತಿಂಡಿಯನ್ನು ನಾಲ್ಕು ವಾರ ನಿಲ್ಲಿಸಿ ನೋಡಲಿ. ಕೈಮೀರಿದ ದಿನಗಳ ಎಣಿಕೆ ಇಳಿದರೆ ಬಿಟ್ಟೇ ಇರಲಿ. ಏರಿದರೆ ನಿಷೇಧ ಅವರಿಗೆ ಹಿಡಿಸುವುದಿಲ್ಲ, ಜನರ ಮಧ್ಯೆ, ತಟ್ಟೆಗೆ ಹಾಕಿಕೊಂಡು, ಊಟವಾದ ಮೇಲೆ ತಿನ್ನುವ ದಾರಿಗೆ ಬರಲಿ. ಯಾವುದು ಸರಿ ಎಂದು ಇಲ್ಲಿ ಜಗಳವಾಡುವ ಬದಲು ಅವರ ಚೀಟಿ ನೋಡುವುದು ವಾಸಿ.

ಕಾಫಿಕಣ

ಇದನ್ನು ಹೀಗೇ ಪಾಲಿಸುತ್ತೇವೆ. ಹಬ್ಬ, ಮಳೆ ಎರಡಕ್ಕೆ ಯಾರಾದರೂ ಹೇಳಿ. ನಡಿಗೆಯ ಬಗ್ಗೆಯೂ. ನಮ್ಮ ಕಡೆ ಬೆಳಗ್ಗೆ ಆರಕ್ಕೆ ರಸ್ತೆಗಿಳಿಯುವ ಧೈರ್ಯ ಯಾರಿಗೂ ಇಲ್ಲ, ತೋಟದಲ್ಲಿ ಆನೆ.

ಬ್ರಹ್ಮಗಿರಿಮಳೆ

ನಡಿಗೆಗೆ ಬೆಳಗಿನ ಹೊತ್ತೇ ಆಗಬೇಕೆಂದಿಲ್ಲ. ವಾರಕ್ಕೆ 150 ನಿಮಿಷ ಬೇಕು, ಅದನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಬಹುದು. ಮುಂಜಾನೆ ಮತ್ತು ಮುಸ್ಸಂಜೆ ಬಿಟ್ಟುಬಿಡಿ. ಬಿಸಿಲು ಬಂದ ಮೇಲೆ ಕಾಫಿ ಒಣಗಿಸುವ ಕಣದಲ್ಲಿ ಸುತ್ತು ಹಾಕಿ. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಇರುತ್ತದೆ, ಆಗ ಶಾಲೆಯ ಮೈದಾನ. ಮಳೆಗಾಲದಲ್ಲಿ ಉದ್ದನೆಯ ಜಗಲಿ ಸಾಕು, ಜಿಗಣೆಯ ಕಾಟವೂ ಇಲ್ಲ. ಊಟವಾದ ಮೇಲಿನ ಹತ್ತು ನಿಮಿಷ ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ಉಪಯೋಗ. ಇನ್ಸುಲಿನ್‌ನವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡೇ ನಡೆಯಲಿ.

ಮಳೆಗೆ: ಜೂನ್‌ನಿಂದ ಸೆಪ್ಟೆಂಬರ್ ತನಕ ವಿಡಿಯೊ ಸಭೆಯ ಆಸೆ ಬಿಡಿ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ. ಸಾದಾ ಕಾನ್ಫರೆನ್ಸ್ ಕಾಲ್ ಹೆಚ್ಚು ಭರವಸೆಯದು. ಫೋನಿನಿಂದ ನೇರ ಮಾಡುವ ಕಾಲ್‌ಗೆ ಸಾಮಾನ್ಯವಾಗಿ ಐದಾರು ಜನ ಮಾತ್ರ ಹಿಡಿಯುತ್ತಾರೆ, ಹಾಗಾಗಿ ನಾಲ್ಕು ನಾಲ್ಕು ಜನರ ಎರಡು ಕಾಲ್ ಮಾಡಿ. ಕಾಲ್ 30 ನಿಮಿಷ ಮೀರಬಾರದು, ತಲಾ 4 ನಿಮಿಷದ ನಿಯಮ ಅಲ್ಲೂ ಇರಲಿ. ಲೈನ್ ಕಡಿದರೆ ಯಾರು ಮತ್ತೆ ಮಾಡಬೇಕು ಎಂದು ಮೊದಲೇ ಗೊತ್ತು ಮಾಡಿ, ಇಲ್ಲದಿದ್ದರೆ ನಾಲ್ವರೂ ಒಬ್ಬರಿಗೊಬ್ಬರು ಮಾಡುತ್ತಾ ಎಲ್ಲರಿಗೂ ಲೈನ್ ಬ್ಯುಸಿ ಬರುತ್ತದೆ.

ಹಬ್ಬಕ್ಕೆ: ಕೈಲ್ ಪೊಳ್ದ್ ದಿನ ಬೆಳಗಿನ ಊಟ ಬಿಡಬೇಡಿ. 'ಮಧ್ಯಾಹ್ನ ಹೇಗೂ ಇದೆಯಲ್ಲ' ಎಂದು ಖಾಲಿ ಹೊಟ್ಟೆಯಲ್ಲಿ ಹೋದವರು ಎಲೆಯ ಮುಂದೆ ಸೋಲುತ್ತಾರೆ. ಹೋಗುವ ಮೊದಲು ಜೋಡಿಗೆ ಕರೆ ಮಾಡಿ: ಎಷ್ಟು ಕಡಂಬುಟ್ಟು, ಎಷ್ಟು ಸೌಟು ಕರಿ, ಎಷ್ಟು ಪೆಗ್, ಎಷ್ಟು ಹೊತ್ತಿಗೆ ಹೊರಡುವುದು. ಹೊರಟ ಮೇಲೆ ಇನ್ನೊಂದು ಕರೆ. ಎರಡನೆಯದು ಮುಖ್ಯ, ಯಾಕೆಂದರೆ ಸಾಮಾನ್ಯವಾಗಿ ಕೈಮೀರುವುದು ಹಬ್ಬದ ಮನೆಯಲ್ಲಲ್ಲ, ಕಟ್ಟಿಕೊಟ್ಟ ಡಬ್ಬಿ ಹಿಡಿದು ಮನೆಗೆ ಬಂದ ಮೇಲೆ. ಡಬ್ಬಿ ಬೇಡ ಎನ್ನಲು ಆಗದಿದ್ದರೆ ಬಂದ ಕೂಡಲೇ ಮನೆಯವರ ಕೈಗೆ ಕೊಟ್ಟುಬಿಡಿ.

ಪುತ್ತರಿಯಲ್ಲಿ ತಂಬುಟ್ಟು ಮತ್ತು ಗೆಣಸು ಶಾಸ್ತ್ರಕ್ಕೆ ಬೇಕು. ಸಿಹಿ ಬಿಟ್ಟವರು ಪ್ರಸಾದದಷ್ಟು, ಒಂದು ತುತ್ತು, ಎಲ್ಲರ ಜೊತೆ ತಿನ್ನುವುದೋ ಬೇಡವೋ ಎಂದು ಹಿಂದಿನ ವಾರದ ಸಭೆಯಲ್ಲೇ ತೀರ್ಮಾನಿಸಬೇಕು. ಮದುವೆಯಲ್ಲಿ ಬಡಿಸುವವರಿಗೆ 'ಡಯಟ್' ಎಂದರೆ ಇನ್ನೊಂದು ಸೌಟು ಬೀಳುತ್ತದೆ. 'ಡಾಕ್ಟರು ಬೇಡ ಅಂದಿದ್ದಾರೆ' ಎಂದರೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಎಲೆ ಖಾಲಿ ಬಿಡಬೇಡಿ, ಒಂದು ತುಂಡು ಉಳಿಸಿಕೊಂಡೇ ಕೂತಿರಿ.

ಸುತ್ತುಕುರ್ಚಿ

ಒಂದು ಸೇರಿಸಬೇಕು, ನಿರೀಕ್ಷೆಯ ಬಗ್ಗೆ. ನಮ್ಮ ಪಕ್ಕದ ಕೇರಳದಲ್ಲಿ, ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಲ್ಲಿ 1007 ಜನರನ್ನು ಸೇರಿಸಿಕೊಂಡು, ಸಕ್ಕರೆ ಕಾಯಿಲೆ ತಡೆಯಲು ಊರಿನವರೇ ನಡೆಸುವ ಗುಂಪುಗಳನ್ನು ಪರೀಕ್ಷಿಸಿದರು. ಒಂದು ವರ್ಷದಲ್ಲಿ 15 ಸಭೆ. 2018ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ವರ್ಷದ ಕೊನೆಗೆ ಗುಂಪಿನಲ್ಲಿದ್ದವರಲ್ಲಿ ನೂರಕ್ಕೆ 14.9, ಇಲ್ಲದವರಲ್ಲಿ 17.1 ಜನರಿಗೆ ಸಕ್ಕರೆ ಕಾಯಿಲೆ ಬಂತು. ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಟ್ಟಿಯಲ್ಲ. ಆದರೆ ಹಣ್ಣು-ತರಕಾರಿ ಹೆಚ್ಚಾಯಿತು, ಕುಡಿತ ಕಡಿಮೆಯಾಯಿತು. ಅಮೆರಿಕದಲ್ಲಿ, 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಕ್ಕರೆ ಕಾಯಿಲೆ ನೂರಕ್ಕೆ 58ರಷ್ಟು ಕಡಿಮೆ ಮಾಡಿದ ಕಾರ್ಯಕ್ರಮದಲ್ಲಿ ಮೊದಲ ಆರು ತಿಂಗಳೊಳಗೇ 16 ಪಾಠಗಳು, ಅದೂ ಒಬ್ಬರಿಗೊಬ್ಬರು ತರಬೇತುದಾರರು, 7% ತೂಕದ ಗುರಿ. ಸಭೆ ಎಷ್ಟು ಒತ್ತೊತ್ತಾಗಿದೆ ಎನ್ನುವುದಕ್ಕೆ ಬೆಲೆ ಇದೆ ಎಂದು ನನಗನಿಸುತ್ತದೆ. ಮೊದಲ ನಾಲ್ಕು ತಿಂಗಳು ವಾರ ತಪ್ಪಿಸಬೇಡಿ, ತಿಂಗಳಿಗೊಮ್ಮೆಗೆ ಇಳಿಸುವುದು ಆಮೇಲೆ. ತೂಕ ಇಳಿದವರು 'ನನ್ನದಾಯಿತು' ಎಂದು ಬಿಟ್ಟು ಹೋಗುವುದು ಸಾಮಾನ್ಯ. ಅವರಿಗೇ ಸಭೆ ನಡೆಸುವ ಪಾಳಿ ಕೊಡಿ.

ಕಾಫಿಕಣ

ಕೊನೆಯದು. ರಾತ್ರಿ 'ತಪ್ಪಿತು' ಎಂದು ಮೆಸೇಜ್ ಬಂದರೆ ಬೆಳಗಿನ ಕರೆಯಲ್ಲಿ ಏನು ಹೇಳಬೇಕು? ಸಮಾಧಾನವೋ, ಗದರಿಸುವುದೋ?

ಅರ್ಧಒಟ್ಟಿ

ಎರಡೂ ಬೇಡ. ಐದು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಅದಕ್ಕೆ ಮೊದಲು ಕೊನೆಯ ಊಟ ಎಷ್ಟು ಹೊತ್ತಿಗೆ ಆಗಿತ್ತು? ಹಿಂದಿನ ರಾತ್ರಿ ಎಷ್ಟು ನಿದ್ದೆ? ಆ ತಿಂಡಿ ಮನೆಗೆ ಬಂದದ್ದು ಹೇಗೆ, ಯಾರು ತಂದರು? ತಿನ್ನುವ ಅರ್ಧ ಗಂಟೆ ಮೊದಲು ಏನಾಯಿತು: ಜಗಳ, ಫೋನು, ಬೇಸರ, ಏನೂ ಇಲ್ಲ? ಮುಂದಿನ ಊಟ ಎಷ್ಟು ಹೊತ್ತಿಗೆ? ಕೊನೆಯ ಉತ್ತರ 'ಇವತ್ತು ಊಟ ಬೇಡ' ಎಂದು ಬಂದರೆ ಒಪ್ಪಿಕೊಳ್ಳಬೇಡಿ. ಎಂದಿನ ಹೊತ್ತಿಗೆ, ಎಂದಿನಷ್ಟೇ ತಿಂಡಿ ತಿನ್ನಿಸಿ. ನಾಲ್ಕೈದು ಸಲದ ಉತ್ತರ ಸೇರಿದರೆ ಒಂದೇ ಕಾರಣ ಮತ್ತೆ ಮತ್ತೆ ಕಾಣುತ್ತದೆ. ಹೆಚ್ಚಿನವರ ಚೀಟಿಯಲ್ಲಿ ಅದು ತಪ್ಪಿದ ಮಧ್ಯಾಹ್ನದ ಊಟ ಅಥವಾ ಮನೆಯಲ್ಲಿ 'ಮಕ್ಕಳಿಗೆಂದು' ತಂದಿಟ್ಟ ಡಬ್ಬ.

ಸತತ ಎರಡು ವಾರ ಎಣಿಕೆ ಏರುತ್ತಾ ಹೋದರೆ, ಅಥವಾ ಬದುಕು ಬೇಡ ಎನ್ನುವ ಮಾತು ಬಂದರೆ, ಅದು ಜೋಡಿಯ ಕೈಯಲ್ಲಿ ಮುಗಿಯುವುದಲ್ಲ. ಅವತ್ತೇ ಮನೆಯವರಿಗೆ ತಿಳಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗುಂಪಿನ ಮಾತು ಹೊರಗೆ ಹೋಗಬಾರದು ಎಂಬ ನಿಯಮಕ್ಕೆ ಇದೊಂದು ವಿನಾಯಿತಿ ಎಂದು ಮೊದಲ ಸಭೆಯಲ್ಲೇ ಎಲ್ಲರಿಂದ ಒಪ್ಪಿಗೆ ಪಡೆಯಿರಿ.

ಕಾಫಿಕಣ

ಸರಿ. ಮೂವರು ಈ ವಾರವೇ ಡಾಕ್ಟರನ್ನು ಕಂಡು ಬರುತ್ತಾರೆ, ಆಮೇಲಿನ ಭಾನುವಾರ ಮೊದಲ ಸಭೆ. ವಿರಾಜಪೇಟೆಯ ಇಬ್ಬರು ತಾವೂ ಸೇರಬಹುದೇ ಎಂದು ಕೇಳಿದ್ದಾರೆ.

ಸುತ್ತುಕುರ್ಚಿ

ಈಗ ಬೇಡ. ಮೊದಲ ಆರು ವಾರ ಹೊಸಬರನ್ನು ಸೇರಿಸಬೇಡಿ, ಹೊಸ ಮುಖ ಬಂದ ವಾರ ಹಳಬರ ಬಾಯಿ ಕಟ್ಟುತ್ತದೆ. ವಿರಾಜಪೇಟೆಯಲ್ಲಿ ಇನ್ನೂ ಇಬ್ಬರು ಸಿಕ್ಕರೆ ಅಲ್ಲೇ ನಾಲ್ವರ ಗುಂಪು ಶುರು ಮಾಡಲಿ. ನಿಯಮದ ಹಾಳೆಯ ಜೆರಾಕ್ಸ್ ಕೊಟ್ಟರೆ ಸಾಕು.